ಓಮದ ನೀರಿನ ಡಾಕ್ಟ್ರು

ನಾನು ಶಾಲೆ ಬಿಟ್ಟದ್ದು 1946ರಲ್ಲಿ, ಆರನೇ ಕ್ಲಾಸಿನ ನಡುವೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಳೆದ ತಿಂಗಳು ನಮ್ಮ ಡಾಕ್ಟ್ರು ತೀರಿಹೋದದ್ದಕ್ಕೆ ಸುಳ್ಯದಲ್ಲಿ ನಡೆದ ಸಂತಾಪ ಸಭೆಯಲ್ಲಿ ಒಬ್ಬರು ಮೈಕಿನ ಮುಂದೆ ನಿಂತು, "ನಮ್ಮ ಡಾಕ್ಟರರ ಬಳಿಗೆ ಹೆಚ್ಚಾಗಿ ಬರುತ್ತಿದ್ದವರು ಓದುಬರಹ ಇಲ್ಲದ ಬಡಪಾಯಿಗಳು" ಎಂದು ಮರುಕದ ದನಿಯಲ್ಲಿ ಹೇಳಿದರು. ಆ ಬಡಪಾಯಿಗಳಲ್ಲಿ ನಾನೂ ಒಬ್ಬ. ಓದು ಆರಕ್ಕೆ ನಿಂತಿತು, ನಿಜ. ಆದರೆ ಹನ್ನೆರಡನೇ ವಯಸ್ಸಿನಿಂದ ದುಡಿದು ತಿಂದಿದ್ದೇನೆ. ಬಸ್ಸಿನ ಇಂಜಿನನ್ನು ಪೂರ್ತಿ ಬಿಚ್ಚಿ ಪುನಃ ಜೋಡಿಸಬಲ್ಲೆ. ಯಾರ ಮರುಕವೂ ನನಗೆ ಬೇಡ.

ಆಮೇಲೆ ಅದೇ ಭಾಷಣಕಾರರು, "ನಾವೆಲ್ಲ ಅವರನ್ನು ಪ್ರೀತಿಯಿಂದ ಓಮದ ನೀರಿನ ಡಾಕ್ಟ್ರು ಎಂದು ಕರೆಯುತ್ತಿದ್ದೆವು" ಎಂದರು. ಸಭೆ ನಕ್ಕಿತು. ಅಧ್ಯಕ್ಷರ ಕುರ್ಚಿಯಲ್ಲಿದ್ದವರೂ ಹೊಟ್ಟೆ ಕುಲುಕಿಸಿ ನಕ್ಕರು.

ಪ್ರೀತಿಯಿಂದಂತೆ! ಆ ಹೆಸರು ಹುಟ್ಟಿದ್ದು ಪ್ರೀತಿಯಿಂದಲ್ಲ. ಅದು ಹೇಗೆ ಹುಟ್ಟಿತೆಂದು ಇವತ್ತು ಬದುಕಿರುವವರಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಡಾಕ್ಟ್ರ ನಿಜವಾದ ಹೆಸರನ್ನು ಮಾತ್ರ ಬರೆಯುವುದಿಲ್ಲ. ಬೇಕಾದಾಗ ಮಸಿ ಬಳಿದು ಬೇಕಾದಾಗ ಹಾರ ಹಾಕುವವರ ಕೈಗೆ ಆ ಹೆಸರನ್ನು ಇನ್ನೊಮ್ಮೆ ಕೊಡುವ ಮನಸ್ಸಿಲ್ಲ.

ನಾನಾಗ ಬಸ್ಸಿನ ಡ್ರೈವರ್. ಬೆಳಿಗ್ಗೆ ಸುಬ್ರಹ್ಮಣ್ಯದಿಂದ ಹೊರಟು ಸುಳ್ಯ, ಜಾಲ್ಸೂರು ದಾರಿಯಾಗಿ ಪುತ್ತೂರು, ಸಂಜೆ ಅದೇ ದಾರಿಯಲ್ಲಿ ವಾಪಸು. ರಾತ್ರಿ ಹಾಲ್ಟ್ ಸುಬ್ರಹ್ಮಣ್ಯದಲ್ಲಿ. ಮನೆ ಅಜ್ಜಾವರದಲ್ಲಿ, ವಾರಕ್ಕೆ ಒಂದೇ ದಿನ ಮನೆಯ ಊಟ. ಮದುವೆಯಾಗಿ ಎರಡು ವರ್ಷವಾಗಿತ್ತು.

ನನಗೊಂದು ರೋಗವಿತ್ತು. ಊರಿನವರು ಅದನ್ನು ಹೆಣ್ಣಿನ ಚಟ ಎನ್ನುತ್ತಾರೆ, ಕಣ್ಣು ಮಿಟುಕಿಸಿ ನಗುತ್ತಾರೆ. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಹಾಲ್ಟಿನ ಊರಿನಲ್ಲಿ, ಪುತ್ತೂರಿನಲ್ಲಿ, ದಾರಿಯಲ್ಲಿ ಸಿಕ್ಕ ಕಡೆ, ದುಡ್ಡು ಕೊಟ್ಟು ಹೋಗುವ ಮನೆಗಳ ಬಾಗಿಲು ನನಗೆ ತಿಳಿದಿತ್ತು. ಬೇಡ, ಬೇಡ ಎಂದು ಹೇಳಿಕೊಳ್ಳುತ್ತಲೇ ಕಾಲು ಅತ್ತ ನಡೆಯುತ್ತಿತ್ತು. ಹೊರಗೆ ಬರುವಾಗ ನನ್ನ ಮೈಯ ಮೇಲೆ ನನಗೇ ಹೇಸಿಗೆ. ಎರಡು ದಿನ ಕಳೆದರೆ ಮತ್ತೆ ಅದೇ ಬಾಗಿಲು. ಸುಖಕ್ಕೆ ಹೋಗುತ್ತಿದ್ದೆ ಎಂದು ಯಾರಾದರೂ ಹೇಳಿದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಒಂದು ಮಧ್ಯಾಹ್ನ ಜಾಲ್ಸೂರಿನಲ್ಲಿ, ಬಸ್ಸು ತುಂಬ ಜನ ಇರುವಾಗಲೇ, ರೇಡಿಯೇಟರಿಗೆ ನೀರು ತರುತ್ತೇನೆಂದು ಡಬ್ಬ ಹಿಡಿದು ಇಳಿದವನು ಮುಕ್ಕಾಲು ಗಂಟೆ ಬರಲಿಲ್ಲ. ಬಂದಾಗ ಡಬ್ಬದಲ್ಲಿ ನೀರೂ ಇರಲಿಲ್ಲ. ಒಣಮೀನಿನ ವ್ಯಾಪಾರದ ಬ್ಯಾರಿಯೊಬ್ಬರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಎಂತ ಮಾರಾಯ್ರೆ, ನೀರಿಗೆ ಕಾಸರಗೋಡಿಗೇ ಹೋದದ್ದಾ?" ಎಂದರು. ಬಸ್ಸಿಡೀ ನಕ್ಕಿತು. ಸಂಜೆಯೊಳಗೆ ಸಂಗತಿ ಬಸ್ಸಿನ ದಣಿಗಳ ಕಿವಿ ಮುಟ್ಟಿತು.

ದಣಿಗಳು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಇಂಜಿನಿನ ಕೆಲಸವೂ ತಿಳಿದ ಡ್ರೈವರ್ ಬೇರೆ ಎಲ್ಲಿ ಸಿಗುತ್ತಾನೆ? ತಮ್ಮ ಮನೆತನದ ದೈವಸ್ಥಾನಕ್ಕೆ ಕರೆದುಕೊಂಡು ಹೋಗಿ, ತೆಂಗಿನಕಾಯಿ ಮುಟ್ಟಿಸಿ, ಇನ್ನು ಹೋಗುವುದಿಲ್ಲವೆಂದು ಪ್ರಮಾಣ ಮಾಡಿಸಿದರು. "ಇನ್ನು ನೀನುಂಟು, ದೈವ ಉಂಟು" ಎಂದರು. ನಮ್ಮಲ್ಲಿ ಎಲ್ಲದಕ್ಕೂ ಇದೇ ಕೊನೆಯ ಮದ್ದು. ಆ ಪ್ರಮಾಣ ಹನ್ನೊಂದು ದಿನ ನಿಂತಿತು.

ಹನ್ನೆರಡನೇ ದಿನ, ಸುಬ್ರಹ್ಮಣ್ಯದ ದಾರಿಯಲ್ಲಿ ಬಸ್ಸುಗಳು ನಿಲ್ಲಿಸಿ ಕಾಣಿಕೆ ಹಾಕುವ ಡಬ್ಬಿಯ ಹತ್ತಿರ ನಾನೇ ಇಳಿದು ಹೋಗಿ ತಪ್ಪುಕಾಣಿಕೆ ಹಾಕಿದೆ. ತಪ್ಪಾಯಿತು ಎಂದು ದೇವರಿಗೆ ಹಾಕುವ ಕಾಣಿಕೆ ಅದು. ಹಾಕಿದ ಕೂಡಲೇ ಎದೆ ಹಗುರವಾಯಿತು. ನಾಲ್ಕು ದಿನ ಸರಿ ಇದ್ದೆ. ಐದನೇ ದಿನ ತಪ್ಪು, ಆರನೇ ದಿನ ಕಾಣಿಕೆ. ನಮ್ಮ ಕಂಡಕ್ಟರ್, "ಡ್ರೈವರೇ, ನಿಮ್ಮ ಭಕ್ತಿ ಇತ್ತೀಚೆಗೆ ಜಾಸ್ತಿ ಆಯ್ತು" ಎಂದು ತಮಾಷೆ ಮಾಡುತ್ತಿದ್ದ. ಮಾಡದೆ ಇರುತ್ತಾನಾ?

ಹೀಗೆ ವರ್ಷ ಕಳೆಯಿತು. 1959ರಲ್ಲಿ ಮೂತ್ರಕ್ಕೆ ಹೋಗುವಾಗ ಉರಿ ಸುರುವಾಯಿತು. ಅದು ಎಂಥ ಕಾಯಿಲೆ ಎಂದು ಡ್ರೈವರುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಗ ನಾನು ಸುಳ್ಯದ ಈ ಡಾಕ್ಟ್ರ ಶಾಪಿಗೆ ಹೋದದ್ದು. ದವಾಖಾನೆಗೆ ನಮ್ಮಲ್ಲಿ ಶಾಪು ಎನ್ನುವುದು.

ಹಂಚಿನ ಮಾಡಿನ ಉದ್ದ ಕಟ್ಟಡದಲ್ಲಿ ಅವರಿಗೆ ಎರಡು ಕೋಣೆ. ಹೊರಗೆ ಬೆಂಚು, ಒಳಗೆ ಮೇಜು, ಮೇಜಿನ ಎದುರು ಕೈ ಇರುವ ಒಂದು ಬೆತ್ತದ ಕುರ್ಚಿ. ಬೇರೆ ಡಾಕ್ಟ್ರುಗಳು ನಮ್ಮಂಥವರನ್ನು ನಿಲ್ಲಿಸಿಯೇ ನೋಡುತ್ತಿದ್ದರು. ಇವರು ಯಾರೇ ಬರಲಿ, ಮೊದಲು ಆ ಕುರ್ಚಿ ತೋರಿಸಿ "ಕೂತ್ಕೊ" ಎನ್ನುತ್ತಿದ್ದರು. ಕೂತ ಮೇಲೆಯೇ ಮಾತು. ಸ್ಟೆತಸ್ಕೋಪಿನ ತಣ್ಣನೆಯ ಬಿಲ್ಲೆಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದ ಮೇಲೆಯೇ ಎದೆಗೆ ಇಡುವುದು. ಸಣ್ಣ ಆಳು, ನಸ್ಯದ ಅಭ್ಯಾಸ, ಶರ್ಟಿನ ಜೇಬಿನ ಮೇಲೆ ಸದಾ ನಸ್ಯದ ಕಂದು ಕಲೆ. ಯುದ್ಧದ ಕಾಲದಲ್ಲಿ ಮಿಲಿಟರಿಯಲ್ಲಿ ಇದ್ದು ಬಂದವರು.

ನಾನು ನೆಲ ನೋಡುತ್ತ ಸಂಗತಿ ಹೇಳಿದೆ. ಅವರು ಛೀ ಎನ್ನಲಿಲ್ಲ, ನಗಲೂ ಇಲ್ಲ. ಪೆನ್ಸಿಲಿನ್ ಸೂಜಿ ಕೊಟ್ಟರು. ಕೈ ತೊಳೆದು ಬಂದು ಕುಳಿತು ನಸ್ಯ ಏರಿಸಿ ಕೇಳಿದರು:

"ಇದು ವಾಸಿ ಆಗ್ತದೆ. ವಾಸಿ ಆದ ಮೇಲೆ ಎಂತ ಮಾಡ್ತಿ?"

"ಇನ್ನು ಹೋಗುದಿಲ್ಲ ಡಾಕ್ಟ್ರೇ. ಪ್ರಮಾಣ ಬೇಕಾದ್ರೂ ಮಾಡ್ತೇನೆ."

"ಅದೊಂದು ಬೇಡ ಮಾರಾಯ. ಮಿಲಿಟರಿಯಲ್ಲಿ ನಾನು ಒಬ್ಬನೇ ಸಿಪಾಯಿಗೆ ಇದೇ ಸೂಜಿ ಏಳು ಸಲ ಹಾಕಿದ್ದೇನೆ. ಏಳು ಸಲವೂ ಅವ ತಾಯಿ ಮೇಲೆ ಆಣೆ ಹಾಕಿದ. ಆಣೆಯಿಂದ ನಿಲ್ಲುದಾದ್ರೆ ನಾನು ಸೂಜಿ ಬಿಟ್ಟು ತೆಂಗಿನಕಾಯಿ ಇಡ್ತಿದ್ದೆ."

ನನಗೆ ರೇಗಿತು. ಮದ್ದು ಕೇಳಲು ಬಂದವನಿಗೆ ಇವರ ತಮಾಷೆ! "ಹೆಂಗಸರ ಆಸೆ ಗಂಡಸರಿಗೆ ಇರುದೇ ಅಲ್ವಾ?" ಎಂದೆ ಬಿರುಸಾಗಿ.

"ಆಸೆ ಇರ್ಲಿ. ಹಸಿವಾದವ ಊಟ ಆದ ಮೇಲೆ ಏಳ್ತಾನೆ. ಉಂಡು ಎದ್ದವ ಕೈ ತೊಳೆಯದೆ ಮತ್ತೊಂದು ಎಲೆಗೆ ಕೂತ್ರೆ, ಅಳ್ತಾ ಅಳ್ತಾ ಉಂಡ್ರೆ, ಅದು ಹಸಿವು ಅಂತ ಹೇಳ್ಲಿಕ್ಕುಂಟಾ? ಬೇರೆ ಎಂತದ್ದೋ ನೋವು ಉಂಟು. ಅದನ್ನು ನೀನು ಇದರಲ್ಲಿ ಮುಚ್ಚುದು."

ಅಳುತ್ತಾ ಉಣ್ಣುವುದು. ನಾನು ಯಾರಿಗೂ ಹೇಳದೆ ಇದ್ದದ್ದು ಇವರಿಗೆ ಹೇಗೆ ಗೊತ್ತಾಯಿತು? ಟ್ರಿಪ್ಪಿಗೆ ಏಳಬೇಕಾದವನು ಅಲ್ಲೇ ಕುಳಿತೆ. ಆ ದಿನ ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಹೊರಟಿತು.

ಅವರ ಚಿಕಿತ್ಸೆ ಎಂದರೆ ಒಂದೇ ಪ್ರಶ್ನೆ. "ಅದರ ಮುಂಚೆ ಎಂತ ಆಯ್ತು?" ಮಾಡಿದ್ದನ್ನು ವರ್ಣಿಸಲು ಹೊರಟರೆ ಕೈ ಅಡ್ಡ ಮಾಡುತ್ತಿದ್ದರು. ಅದು ಅವರಿಗೆ ಬೇಡ. ಅದರ ಮುಂಚಿನದ್ದು ಬೇಕು.

"ಆ ದಿನ ಬೆಳಿಗ್ಗೆ ಎಂತ ಆಯ್ತು?"

"ಎಂತ ಇಲ್ಲ."

"ಬಸ್ಸು ಸಮಯಕ್ಕೆ ಬಿಟ್ಟಿಯಾ?"

"ಇಲ್ಲ. ಚಕ್ರ ಪಂಚರ್. ದಣಿಗಳು ಬೈದ್ರು."

"ಎಂತ ಹೇಳಿ ಬೈದ್ರು?"

ಅವರು ಕಾದರು. ಕಾಯುವುದರಲ್ಲಿ ಅವರನ್ನು ಸೋಲಿಸಲು ಸಾಧ್ಯವಿರಲಿಲ್ಲ.

"ಆರನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಗಂಟೆ ನೋಡ್ಲಿಕ್ಕೆ ಎಲ್ಲಿ ಗೊತ್ತಾಗ್ತದೆ ಅಂತ. ಬಸ್ಸಿನ ಜನರ ಎದುರು."

"ಆಗ ನಿನಗೆ ಎಂತ ಆಯ್ತು?"

"ಎಂತ ಆಗುದು? ಸಂಬಳ ಕೊಡುವವರು."

"ಅದು ಉತ್ತರ ಅಲ್ಲ" ಎಂದು ನಸ್ಯದ ಡಬ್ಬಿ ಮುಚ್ಚಿದರು. "ಮುಂದಿನ ವಾರ ಉತ್ತರ ತಾ."

ನಾಲ್ಕು ವಾರ ಬೇಕಾಯಿತು ಉತ್ತರಕ್ಕೆ. ಒಂದೊಂದೇ ದಿನವನ್ನು ಬಿಚ್ಚಿ ನೋಡಿದಾಗ ಎಲ್ಲದರ ಅಡಿಯಲ್ಲೂ ಇದ್ದದ್ದು ಇದೇ: ಯಾರೋ ನನ್ನನ್ನು ಸಣ್ಣವ ಮಾಡಿದ್ದು, ನಾನು ಹಲ್ಲು ಕಚ್ಚಿ ಸುಮ್ಮನಿದ್ದದ್ದು, ಆಮೇಲೆ ಪುತ್ತೂರಿನಲ್ಲಿ ಎರಡು ಟ್ರಿಪ್ಪುಗಳ ನಡುವೆ ಮೂರು ಗಂಟೆ ಒಬ್ಬನೇ ಕೂತದ್ದು. ಇಂಜಿನಿನಲ್ಲಿ ಸದ್ದು ಎಲ್ಲಿಂದ ಬರುತ್ತದೆಂದು ಕಿವಿಗೊಟ್ಟು ಹುಡುಕುವುದು ನನ್ನ ಕಸುಬು. ನನ್ನದೇ ಸದ್ದನ್ನು ಹುಡುಕಿಕೊಟ್ಟವರು ಇವರು.

ತಪ್ಪುಕಾಣಿಕೆಯ ವಿಷಯ ಹೇಳಿದಾಗ ಮಾತ್ರ ಅವರಿಗೆ ಸಿಟ್ಟು ಬಂದದ್ದು ನಾನು ನೋಡಿದ್ದೇನೆ. ನನ್ನ ಮೇಲಲ್ಲ.

"ಕಾಣಿಕೆ ಹಾಕಿದ ಮೇಲೆ ಎಷ್ಟು ದಿವಸ ಸರಿ ಇರ್ತಿ?"

"ನಾಲ್ಕು."

"ಹಾಕದಿದ್ರೆ?"

"ಹಾಕದೆ ಇದ್ದದ್ದೇ ಇಲ್ಲ."

"ಹಾಗಾದ್ರೆ ಅದೂ ರೋಗದ್ದೇ ಒಂದು ಭಾಗ. ತಪ್ಪು, ಹೇಸಿಗೆ, ಕಾಣಿಕೆ, ಹಗುರ, ಪುನಃ ತಪ್ಪು. ಗಾಣದ ಎತ್ತು ಸುತ್ತಿದ ಹಾಗೆ. ನಾಳೆಯಿಂದ ತಪ್ಪಿಗೆ ಅಂತ ಡಬ್ಬಿಗೆ ಹಾಕಬೇಡ. ಭಕ್ತಿಗೆ ಹಾಕು, ಬೇಡ ಹೇಳುದಿಲ್ಲ. ಹಗುರ ಆಗ್ಬೇಕು ಅಂತ ಕಂಡ್ರೆ ಇಲ್ಲಿಗೆ ಬಂದು ಕುರ್ಚಿಯಲ್ಲಿ ಕೂರು." ಆಮೇಲೆ ಕೇಳಿದರು: "ಘಾಟಿ ಇಳಿಯುವಾಗ ಬರೇ ಬ್ರೇಕು ಒತ್ತಿಯೇ ಇಳಿದ್ರೆ ಎಂತ ಆಗ್ತದೆ?"

"ಡ್ರಮ್ಮು ಕಾದು ಕೊನೆಗೆ ಬ್ರೇಕೇ ಹಿಡಿಯುದಿಲ್ಲ."

"ಮತ್ತೆ ಹೇಗೆ ಇಳಿಸ್ತಿ?"

"ಮೇಲೆಯೇ ಗೇರು ಕಡಿಮೆ ಮಾಡಿಕೊಳ್ಳುದು."

"ಪ್ರಮಾಣ ಅಂದ್ರೆ ಬರೇ ಬ್ರೇಕು. ನಿನ್ನ ದಣಿ ನಿನಗೆ ಅದನ್ನೇ ಕೊಟ್ಟದ್ದು. ನೀನು ಮೇಲೆಯೇ ಗೇರು ಇಳಿಸು."

ಗೇರು ಇಳಿಸುವುದೆಂದರೆ: ಪುತ್ತೂರಿನ ಮೂರು ಗಂಟೆ ಒಬ್ಬನೇ ಕೂರಬಾರದು, ಕಂಡಕ್ಟರನ ಜೊತೆ ಊಟ, ಆಮೇಲೆ ಬಸ್ಸಿನ ಅಡಿಗೆ ನುಗ್ಗಿ ಏನಾದರೂ ಕೆಲಸ. ಬೈಸಿಕೊಂಡ ದಿನ ಬೈಸಿಕೊಂಡೆ ಎಂದು ಒಬ್ಬರಿಗಾದರೂ ಹೇಳಬೇಕು. ಆಸೆ ಎದ್ದರೆ ಜಗಳಕ್ಕೆ ನಿಲ್ಲದೆ ಕಾಲು ಗಂಟೆ ಕಳೆಯಬೇಕು. "ಬರುದನ್ನು ತಡೀಲಿಕ್ಕೆ ಆಗುದಿಲ್ಲ. ಬಂದದ್ದು ಹೋಗ್ತದೆ, ನೋಡ್ತಾ ಇರು" ಎನ್ನುತ್ತಿದ್ದರು. ರಾತ್ರಿ ಹಾಲ್ಟ್ ತಪ್ಪಬೇಕಿತ್ತು. ಅದಕ್ಕೆ ಅವರೇ ದಣಿಗಳ ಬಳಿ ಹೋಗಿ, ಇವನಿಗೆ ಗ್ಯಾಸಿನ ತೊಂದರೆ, ಮನೆ ಊಟವೇ ಆಗಬೇಕು ಎಂದು ಹೇಳಿ ನನ್ನನ್ನು ಬೇರೆ ಟ್ರಿಪ್ಪಿಗೆ ಹಾಕಿಸಿದರು. ವಾರ ವಾರ ಶಾಪಿಗೆ ಬರಲೂ ಅದೇ ನೆಪ. ಎಂಟು ಡೋಸಿನ ಗುರುತಿಗೆ ಎಂಟು ಗೆರೆ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿದ ಮಿಕ್ಸ್ಚರ್ ಬಾಟ್ಲಿ ತುಂಬಿಸಿ ಕೈಗೆ ಕೊಟ್ಟು, "ನಿನಗೆ ಸುಳ್ಳು ಹೇಳುದಿಲ್ಲ. ಇದು ಬರೇ ಓಮದ ನೀರು. ಹೊರಗೆ ಬೆಂಚಿನಲ್ಲಿ ಇರುವವರಿಗೆ ಕಾಣ್ಲಿಕ್ಕೆ. ಮದ್ದು ನೀನು ಕುರ್ಚಿಯಲ್ಲಿ ಕೂತು ಹೇಳಿದ್ದು" ಎಂದರು.

ಹೆಂಡತಿಗೆ ಹೇಳುವ ಮಾತು ಮೊದಲ ವಾರವೇ ಬಂದಿತ್ತು. ಅವಳಿಗೂ ಸೂಜಿ ಆಗಬೇಕಿತ್ತು, ತಡ ಮಾಡುವಂತಿರಲಿಲ್ಲ. "ನಾನು ಹೇಳುದಿಲ್ಲ, ನೀನೇ ಹೇಳ್ಬೇಕು. ನಾಳೆ ಮಧ್ಯಾಹ್ನದ ಒಳಗೆ" ಎಂದಿದ್ದರು. ಅವಳು ಬೀಡಿ ಕಟ್ಟುತ್ತಿದ್ದಳು. ನಾನು ಹೇಳಿ ಮುಗಿಸುವವರೆಗೂ ಅವಳ ಕೈ ನಿಲ್ಲಲಿಲ್ಲ. ಮುಗಿದ ಮೇಲೆ ಮೊರ ಬದಿಗೆ ಇಟ್ಟು, "ಬಾಕಿ ಉಂಟಾ? ಇದ್ರೆ ಈಗಲೇ ಹೇಳಿ. ದಿನಾ ಒಂದೊಂದು ಕೇಳ್ಲಿಕ್ಕೆ ನನ್ನಿಂದ ಆಗುದಿಲ್ಲ" ಎಂದಳು. ಬಾಕಿ ಇತ್ತು. ಹೇಳಿದೆ.

ಮರುದಿನ ಶಾಪಿನಲ್ಲಿ ಕುರ್ಚಿ ಅವಳಿಗೆ. ನಾನು ಗೋಡೆಗೆ ಒರಗಿ ನಿಂತಿದ್ದೆ.

"ನನ್ನ ಅತ್ತೆ ಹೇಳ್ತಾರೆ, ಗಂಡಸರು ಅಂದ್ರೆ ಹಾಗೇ, ಹೊಂದಿಕೊಂಡು ಹೋಗು ಅಂತ" ಎಂದಳು ಅವಳು.

"ಗಂಡಸರೆಲ್ಲ ಹಾಗೆ ಅಲ್ಲ ಅಂತ ನಾನು ಹೇಳಿದ್ದೇನೆ ಅಂತ ಅತ್ತೆಗೆ ಹೇಳಿ. ಹಾಗೇ ಹಾಗೇ ಅಂತ ಹೇಳಿಯೇ ಇಂಥವರಿಗೆ ಮದ್ದು ಸಿಕ್ಕದೆ ಹೋಗುದು."

"ಇದು ರೋಗ ಅಂದ್ರೆ ಇವರ ತಪ್ಪು ಎಂತ ಇಲ್ಲವಾ ಹಾಗಾದ್ರೆ?"

"ರೋಗ ಬಂದದ್ದು ಅವನ ತಪ್ಪಲ್ಲ. ಮದ್ದು ಮಾಡದೆ ಇದ್ದದ್ದು ತಪ್ಪು. ನಿಮಗೆ ಸುಳ್ಳು ಹೇಳಿದ್ದು ಪೂರಾ ಅವನದ್ದೇ. ಕ್ಷಮಿಸಿ ಅಂತ ನಾನು ಹೇಳುದಿಲ್ಲ. ಅದು ನನ್ನ ಮದ್ದಿನ ಪೆಟ್ಟಿಗೆಯಲ್ಲಿ ಇಲ್ಲ."

ಅವಳು ತವರಿಗೆ ಹೋದಳು. ಏಳು ತಿಂಗಳು. ಕರೆಯಲು ಹೋಗುತ್ತೇನೆ ಎಂದಾಗಲೆಲ್ಲ ಡಾಕ್ಟ್ರು ತಡೆದರು. "ಕರೆಯುದು ಬೇಡ, ಸರಿ ಇರು." ಎಂಟನೇ ತಿಂಗಳು ಅವಳೇ ಬಂದಳು. ಬಂದವಳು ನನ್ನನ್ನು ಏನೂ ಕೇಳಲಿಲ್ಲ. ನೇರ ಶಾಪಿಗೆ ಹೋಗಿ ಡಾಕ್ಟ್ರನ್ನು ಕೇಳಿದಳಂತೆ. ನನ್ನನ್ನು ಕೇಳದೆ ಅವರು ಬಾಯಿ ಬಿಡಲಿಲ್ಲ. ಹೇಳಲು ಹೇಳಿದೆ. ನಡುವೆ ಒಮ್ಮೆ ಜಾರಿದ್ದೆ, ಅದನ್ನೂ ಹೇಳಿಸಿದೆ.

ಇನ್ನು ನನ್ನ ಹೊಟ್ಟೆ ಉರಿಯುವ ಭಾಗ.

ಡಾಕ್ಟ್ರು ಒಮ್ಮೆ, "ನೀನು ಹೋಗ್ತಿದ್ದ ಮನೆಯ ಹೆಂಗಸರಿಗೆ ಸೂಜಿ ಹಾಕುವವರು ಯಾರು?" ಎಂದು ಕೇಳಿದರು. ನನಗೆ ಆ ಯೋಚನೆಯೇ ಬಂದಿರಲಿಲ್ಲ. ಅವರೇ ಹೇಳಿ ಕಳುಹಿಸಿದರು. ಆ ಹೆಂಗಸರಲ್ಲಿ ಒಬ್ಬಳು ಹಾಡುಹಗಲೇ ಸುಳ್ಯಕ್ಕೆ ಬಂದು, ಎಲ್ಲರಂತೆ ಬೆಂಚಿನಲ್ಲಿ ಕಾದು, ಒಳಗೆ ಹೋಗಿ ಬೆತ್ತದ ಕುರ್ಚಿಯಲ್ಲಿ ಕುಳಿತಳು. ಅವಳಿಗೂ ಬಿಲ್ಲೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಯೇ ಇಟ್ಟಿರಬೇಕು. ಇಷ್ಟೇ ಅವರು ಮಾಡಿದ ಅಪರಾಧ.

ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ದಣಿಗಳು ಹತ್ತು ಜನರನ್ನು ಸೇರಿಸಿಕೊಂಡು ಕೂಗಾಡುತ್ತಿದ್ದರು. "ಅಂಥವಳು ಕೂತ ಕುರ್ಚಿಯಲ್ಲಿ ನಾಳೆ ನಮ್ಮ ಮನೆ ಹೆಂಗಸರು ಕೂರ್ಬೇಕಾ? ಬಾಗಿಲು ಹಾಕಿ ಹೊಲಸು ಮಾತಾಡ್ತಾನಂತೆ. ಅದು ಡಾಕ್ಟ್ರ ಕೆಲಸವಾ?" ನಾನು ಸ್ಟಿಯರಿಂಗಿನ ಮುಂದೆ ಇದ್ದೆ. ಅವರು ನನ್ನತ್ತ ತಿರುಗಿದರು. "ನೀನು ವಾರ ವಾರ ಹೋಗ್ತಿಯಲ್ಲ, ಹೇಳು ನೋಡುವ. ಎಂತ ಮಾತಾಡ್ತಾನೆ ಅವ ಒಳಗೆ?"

ಹತ್ತು ಮುಖ ನನ್ನತ್ತ ನೋಡಿದವು. ಹೇಳಬಹುದಿತ್ತು: ನನ್ನನ್ನು ಮನುಷ್ಯನಂತೆ ಕೂರಿಸಿ ಮಾತಾಡುತ್ತಾರೆ, ನಿಮ್ಮ ತೆಂಗಿನಕಾಯಿಯಿಂದ ಆಗದ್ದನ್ನು ಮಾಡಿದ್ದಾರೆ ಎಂದು. ನಾನು ಹೇಳಿದ್ದು:

"ನನ್ನದು ಗ್ಯಾಸು ದಣಿಗಳೇ. ಓಮದ ನೀರು ಕೊಡ್ತಾರೆ. ಬೇರೆ ಎಂತ ನನಗೆ ಗೊತ್ತಿಲ್ಲ."

"ಓಮದ ನೀರಾ! ಎರಡು ವರ್ಷದಿಂದ ಓಮದ ನೀರಾ!" ಎಂದು ಯಾರೋ ಕೂಗಿದ. ಜನ ಬಿದ್ದು ಬಿದ್ದು ನಕ್ಕರು. "ಓಮದ ನೀರಿನ ಡಾಕ್ಟ್ರು!" ಹೆಸರು ಹುಟ್ಟಿದ್ದು ಅಲ್ಲಿ, ನನ್ನ ಬಾಯಿಯಿಂದ. ನಾನು ಗೇರು ಹಾಕಿ ಬಸ್ಸು ಬಿಟ್ಟೆ.

ನಾಲ್ಕು ತಿಂಗಳಲ್ಲಿ ಹೊರಗಿನ ಬೆಂಚು ಖಾಲಿಯಾಯಿತು. ಒಂದು ಕಡೆ ಹೊಲಸು ಡಾಕ್ಟ್ರು, ಇನ್ನೊಂದು ಕಡೆ ಏನೂ ಗೊತ್ತಿಲ್ಲದ ಓಮದ ನೀರಿನ ಡಾಕ್ಟ್ರು. ಎರಡೂ ಒಟ್ಟಿಗೆ ಹೇಗೆ ಹೊಂದುತ್ತದೆ ಎಂದು ಓದಿದವರು ಒಬ್ಬರೂ ಕೇಳಲಿಲ್ಲ. ಡಾಕ್ಟ್ರು ಮೇಜು, ಕುರ್ಚಿ, ಬಾಟ್ಲಿಗಳನ್ನು ಲಾರಿಗೆ ಹೇರಿಸಿಕೊಂಡು ಕಡಬದ ಕಡೆ ಹೋದರು. ಅಲ್ಲಿ ಕೇರಳದಿಂದ ಬಂದು ಕಾಡು ಕಡಿದು ರಬ್ಬರ್ ಹಾಕುತ್ತಿದ್ದ ಕ್ರಿಸ್ತುವರಿಗೆ ಡಾಕ್ಟ್ರು ಬೇಕಿತ್ತು.

ಎರಡು ತಿಂಗಳು ಮುಖ ತೋರಿಸಲು ಧೈರ್ಯ ಬರಲಿಲ್ಲ. ಆಮೇಲೆ ಹೋದೆ. ಅದೇ ಕುರ್ಚಿಯಲ್ಲಿ ರಬ್ಬರ್ ತೋಟದ ಹೆಂಗಸೊಬ್ಬಳು ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಮಲಯಾಳದಲ್ಲಿ ಜ್ವರದ ಕಥೆ ಹೇಳುತ್ತಿದ್ದಳು. ಅವಳು ಎದ್ದ ಮೇಲೆ ನನಗೆ "ಕೂತ್ಕೊ" ಎಂದರು. ಬಸ್‌ಸ್ಟ್ಯಾಂಡಿನಲ್ಲಿ ಆದದ್ದನ್ನು ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು.

"ನೀನು ಸುಳ್ಳು ಹೇಳಿದ್ದಲ್ಲವಲ್ಲ ಮಾರಾಯ. ಓಮದ ನೀರು ಕೊಟ್ಟದ್ದು ಹೌದು" ಎಂದು ನಕ್ಕರು. ಬೈದಿದ್ದರೆ ಸಹಿಸಬಹುದಿತ್ತು. ಆಮೇಲೆ, ಏನೂ ಆಗದವರಂತೆ, "ಅದಿರ್ಲಿ. ಅದರ ಮುಂಚೆ ಎಂತ ಆಯ್ತು? ಹತ್ತು ಜನ ನೋಡಿದ್ರು. ಆಗ ನಿನಗೆ ಎಂತ ಆಯ್ತು?" ಎಂದು ಕೇಳಿದರು.

"ಸಣ್ಣವ ಆಗಿ ಬಿಡ್ತೇನೆ ಅಂತ ಹೆದರಿಕೆ ಆಯ್ತು."

"ಹ್ಞಾ. ಈಗ ಕೊಟ್ಟೆ ನೋಡು ಉತ್ತರ."

ಎರಡನೇ ಸಲ ಜಾರಿದ್ದು 1963ರಲ್ಲಿ, ನನ್ನ ತಂದೆ ಸತ್ತ ವಾರ. ಮರುದಿನವೇ ಕಡಬಕ್ಕೆ ಹೋಗಿ ಹೇಳಿದೆ, ಸಂಜೆ ಹೆಂಡತಿಗೂ ಹೇಳಿದೆ. ಆಮೇಲೆ ಇಲ್ಲ. ದಣಿಗಳ ಕೆಲಸವನ್ನು ಮರುವರ್ಷ ಬಿಟ್ಟೆ.

ಈಗ ಸಭೆಗೆ ಬರುತ್ತೇನೆ. ಅಧ್ಯಕ್ಷತೆ ಅದೇ ದಣಿಗಳದ್ದು. ಕೊನೆಯಲ್ಲಿ ಎದ್ದು, "ಡಾಕ್ಟರರು ನಮ್ಮ ಮನೆಯವರಂತೆ ಇದ್ದರು. ಕಡೆಗಾಲದಲ್ಲಿ ಯಾಕೋ ನಮ್ಮ ಊರನ್ನು ಬಿಟ್ಟು ಹೋದರು" ಎಂದು ಕರ್ಚೀಫಿನಲ್ಲಿ ಕಣ್ಣೊರೆಸಿಕೊಂಡರು. ಯಾಕೋ! ಆ ಒಂದು ಮಾತಿಗೆ ನಾನು ಕುರ್ಚಿ ಹಿಂದೆ ತಳ್ಳಿ ಏಳಬೇಕಿತ್ತು. 1961ರಲ್ಲಿ ಹೊಟ್ಟೆಪಾಡು ಎಂಬ ನೆಪ ಇತ್ತು. ಈಗ, ಏಳು ವರ್ಷದ ಮೇಲೆ, ಅವರ ಅನ್ನದ ಹಂಗಿಲ್ಲ, ನನ್ನದೇ ಗ್ಯಾರೇಜಿನಲ್ಲಿ ದುಡಿಯುತ್ತೇನೆ. ಆದರೂ ಏಳಲಿಲ್ಲ. ಅವರ ಮೇಲೆ ಎಷ್ಟು ಸಿಟ್ಟು ಉಂಟೋ ಅದಕ್ಕಿಂತ ಒಂದು ತೂಕ ಹೆಚ್ಚು ನನ್ನ ಮೇಲೆ ಉಂಟು.

ಹೆಂಡತಿ ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಮನೆಯ ದಾರಿಯಲ್ಲಿ, "ನೀವು ಏಳ್ತೀರಿ ಅಂತ ಎಣಿಸಿದ್ದೆ" ಎಂದಳು.

"ಎದ್ದಿದ್ರೆ ನಿನ್ನ ವಿಷಯವೂ ಬರ್ತಿತ್ತು."

"ಬರ್ಲಿ. ನಾನೂ ಅದೇ ಕುರ್ಚಿಯಲ್ಲಿ ಕೂತವಳು. ಅವರು ಓಡಿಸಿದ್ದು ನನ್ನನ್ನೂ ಸೇರಿಸಿಯೇ."

ಹಾಗಾಗಿ ಬರೆದೆ. ಅವಳಿಗೆ ಓದಿ ಹೇಳಿದೆ. ಎರಡು ಕಡೆ ತಿದ್ದಿಸಿದಳು, ಎರಡೂ ಕಡೆ ನಾನು ನನ್ನನ್ನು ಒಳ್ಳೆಯವ ಮಾಡಿಕೊಂಡ ಜಾಗ. ದಣಿಗಳು ಓದಲಿ. ಅವರ ಬಸ್ಸುಗಳ ಡ್ರೈವರುಗಳು ಓದಲಿ. ಓದಲು ಬಾರದವರಿಗೆ ಯಾರಾದರೂ ಓದಿ ಹೇಳಲಿ. ಡಾಕ್ಟ್ರು ನನಗೆ ಓಮದ ನೀರು ಕೊಟ್ಟದ್ದು ಹೌದು. ಉಳಿದದ್ದನ್ನು ಆ ದಿನ ಬಸ್‌ಸ್ಟ್ಯಾಂಡಿನಲ್ಲಿ ನಾನು ನುಂಗಿದ್ದೆ, ಈಗ ಹೇಳಿದ್ದೇನೆ.

ಈಗ ನನ್ನಲ್ಲಿ ಇರುವುದು ಇಷ್ಟು. ಹೆಂಡತಿ ಒಬ್ಬಳು. ಹೆಣ್ಣುಮಕ್ಕಳು ಇಬ್ಬರು, ಇಬ್ಬರೂ ಶಾಲೆಗೆ ಹೋಗುತ್ತಾರೆ. ಗ್ಯಾರೇಜು ಒಂದು. ಜಾರಿದ್ದು ಎರಡು ಸಲ. ಜಾರದೆ ಐದು ವರ್ಷ. ಎಂಟು ಗೆರೆಯ ಕಾಗದ ಅಂಟಿಸಿದ ಖಾಲಿ ಬಾಟ್ಲಿ ಒಂದು.